ಮೀಸಲಿಗೆ ಅಂಟಿದ ಬಾಲ

ಸಿಇಟಿ ದಾಖಲೆ ಪರಿಶೀಲನೆಯ ದಿನಗಳಲ್ಲಿ ಜೆರಾಕ್ಸ್ ಅಂಗಡಿಯ ಮುಂದೆ ನಿಂತರೆ ಎಲ್ಲರ ಮಾತೂ ಕಿವಿಗೆ ಬೀಳುತ್ತದೆ. ಮೊನ್ನೆ ಒಬ್ಬ ತಂದೆ ಪಕ್ಕದವರಿಗೆ ಹೇಳುತ್ತಿದ್ದರು: ‘ಅವನಿಗೇನ್ರೀ, ಕೋಟಾದವನು. ನಮ್ಮ ಹುಡುಗಂದು ಜನರಲ್ ಮೆರಿಟ್ಟು.’ ಆ ‘ಅವನು’ ಜಾತಿ ಪ್ರಮಾಣಪತ್ರದ ಪ್ರತಿ ತೆಗೆಸಲು ಅಲ್ಲೇ ನಿಂತಿದ್ದ. ಕೇಳಿಸಿಕೊಂಡ, ತಲೆ ಎತ್ತಲಿಲ್ಲ.

‘ಮೀಸಲು’ ಹೀಗೆ ತಲೆ ತಗ್ಗಿಸುವ ಮಾತಾಗಿರಲಿಲ್ಲ. ನಮ್ಮೂರ ಕಣದಲ್ಲಿ ರಾಗಿ ತೂರಿ ರಾಶಿ ಮಾಡಿದ ಮೇಲೆ ಅಜ್ಜಿ ಮೊದಲ ಮೊರದಷ್ಟನ್ನು ದೇವರಿಗೆಂದು ಮೀಸಲು ತೆಗೆದಿಡುತ್ತಿದ್ದಳು. ಮನೆಯಲ್ಲಿ ಹಿಟ್ಟು ತೀರಿದ್ದರೂ ಅದಕ್ಕೆ ಕೈ ಹಾಕುವಂತಿಲ್ಲ. ‘ನಾವು ಕೊಡೋಕೆ ಅದೇನು ನಮ್ದಾ?’ ಎನ್ನುತ್ತಿದ್ದಳು. ಅವಳ ಪಾಲಿಗೆ ಮೀಸಲೆಂದರೆ ದಾನವಲ್ಲ, ಮೊದಲಿನಿಂದಲೂ ಇನ್ನೊಬ್ಬರದ್ದು. ಅದೇ ಕಣದ ಅಂಚಿನಲ್ಲಿ, ಕೊಯ್ಲಿನಿಂದ ತೂರುವ ತನಕ ದುಡಿದ ಕೇರಿಯವರು ದೂರ ನಿಂತು ಸೆರಗೊಡ್ಡುತ್ತಿದ್ದರು. ರಾಶಿ ಮನೆ ಸೇರಿದ ಮೇಲೆ ತಳದಲ್ಲಿ ಮಣ್ಣು ಬೆರೆತು ಉಳಿದ ಕಾಳು ಅವರಿಗೆ. ದೇವರ ಪಾಲು ರಾಶಿಯ ನೆತ್ತಿಯಿಂದ, ದುಡಿದವರದು ತಳದಿಂದ. ತಳದ ಆ ಕಾಳನ್ನು ಮೀಸಲು ಎಂದು ಯಾರೂ ಕರೆಯಲಿಲ್ಲ, ಅಜ್ಜಿಯೂ ಕರೆಯಲಿಲ್ಲ.

ಇಷ್ಟು ಗಟ್ಟಿ ಪದಕ್ಕೆ ಕೃಪೆಯ ವಾಸನೆ ಹತ್ತಿದ್ದು ಬಾಲದಿಂದ ಎಂಬುದು ನನ್ನ ವಾದ. ಕಚೇರಿಯ ಕನ್ನಡ ಅದನ್ನು ‘ಮೀಸಲಾತಿ’ ಮಾಡಿತು. ಈ ‘ಆತಿ’ಯ ಸದ್ದನ್ನು ನಾವು ಮೊದಲೇ ಕೇಳಿದ್ದು ಎಲ್ಲಿ? ಖೈರಾತಿಯಲ್ಲಿ, ಸ್ವಲ್ಪ ಎಳೆದರೆ ರಿಯಾಯಿತಿಯಲ್ಲಿ. ಒಂದು ದಾನ, ಇನ್ನೊಂದು ಸೋಡಿ. ಪಂಡಿತರು ಒಪ್ಪದಿದ್ದರೆ ಬೇಡ. ‘ಅವರಿಗೆ ಮೀಸಲಾತಿ ಕೊಟ್ಟಿದ್ದಾರೆ’ ಎನ್ನುವವರ ದನಿಯನ್ನು ಒಮ್ಮೆ ಕೇಳಲಿ.

ಚರಿತ್ರೆಯಲ್ಲೂ ಇದು ಕೃಪೆಯಾಗಿ ಶುರುವಾದದ್ದಲ್ಲ. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಲೆಸ್ಲಿ ಮಿಲ್ಲರ್ ಸಮಿತಿ ನೇಮಿಸಿದಾಗ ಎದುರಿಗಿದ್ದದ್ದು ಸರ್ಕಾರಿ ನೌಕರಿಯಲ್ಲಿ ಪ್ರಾತಿನಿಧ್ಯದ ಪ್ರಶ್ನೆ, ಅಂದರೆ ಪಾಲಿನ ಪ್ರಶ್ನೆ. ಮದ್ರಾಸಿನ ವೈದ್ಯ, ಎಂಜಿನಿಯರಿಂಗ್ ಕಾಲೇಜುಗಳ ಜಾತಿವಾರು ಸೀಟು ಹಂಚಿಕೆ 1951ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಬಿದ್ದುಹೋಯಿತು. ಅದೇ ವರ್ಷ ಸಂವಿಧಾನದ ಮೊದಲ ತಿದ್ದುಪಡಿಯಲ್ಲಿ, ಹಿಂದುಳಿದವರಿಗೆ ವಿಶೇಷ ಅವಕಾಶಕ್ಕೆ ದಾರಿ ಮಾಡುವ 15(4)ನೇ ವಿಧಿ ಬಂತು. ಅದರಲ್ಲೂ ರಿಯಾಯಿತಿಯ ಮಾತಿಲ್ಲ.

ನನಗೆ ಹೆಚ್ಚು ಸಿಟ್ಟು ಬರುವುದು ‘ಜನರಲ್ ಮೆರಿಟ್’ ಮೇಲೆ. ತಮಿಳುನಾಡಿನಲ್ಲಿ ಮೀಸಲಲ್ಲದ ಇಂಥ ಸೀಟಿಗೆ ‘ಓಪನ್ ಕಾಂಪಿಟಿಷನ್’ ಎನ್ನುತ್ತಾರೆ. ಸರಿಯಾದ ಹೆಸರು, ಏಕೆಂದರೆ ಅದು ಯಾರಿಗೂ ಮುಚ್ಚಿದ ಸೀಟಲ್ಲ. ಪರಿಶಿಷ್ಟ ಜಾತಿಯ ಹುಡುಗಿಗೆ ಒಳ್ಳೆಯ ರ್‍ಯಾಂಕ್ ಬಂದರೆ ಅದೂ ಅವಳದೇ. ನಾವು ಅದಕ್ಕೆ ಮೆರಿಟ್ ಎಂದು ಹೆಸರಿಟ್ಟೆವು, ಉಳಿದ ಸೀಟುಗಳಿಗೆ ಹೋದವರಿಗೆಲ್ಲ ಮೆರಿಟ್ ಇಲ್ಲವೆಂದು ಮಕ್ಕಳಿಗೆ ಕಲಿಸಿದೆವು.

ಇನ್ನು ದುಡ್ಡಿನ ಸೀಟಿನ ಹೆಸರು ನೋಡಿ. 1989ರಲ್ಲಿ ಕರ್ನಾಟಕ ಸರ್ಕಾರದ ಅಧಿಸೂಚನೆಯೊಂದು ಖಾಸಗಿ ವೈದ್ಯಕೀಯ ಕಾಲೇಜುಗಳ ವರ್ಷದ ಶುಲ್ಕವನ್ನು ಗೊತ್ತುಮಾಡಿತ್ತು: ಸರ್ಕಾರಿ ಸೀಟಿಗೆ 2,000 ರೂಪಾಯಿ, ಉಳಿದ ಸೀಟಿಗೆ ರಾಜ್ಯದವರಿಂದ 25,000, ಹೊರಗಿನವರಿಂದ 60,000. ಮೋಹಿನಿ ಜೈನ್ ಪ್ರಕರಣದಲ್ಲಿ 1992ರಲ್ಲಿ ಸುಪ್ರೀಂ ಕೋರ್ಟು ಈ ಹೆಚ್ಚುವರಿ ಶುಲ್ಕವನ್ನು ಕ್ಯಾಪಿಟೇಶನ್ ಎಂದೇ ಕರೆಯಿತು. ಆಮೇಲೆ ದುಡ್ಡಿನ ಸೀಟು ‘ಪೇಮೆಂಟ್ ಸೀಟು’ ಆಯಿತು, ಈಗ ‘ಮ್ಯಾನೇಜ್‌ಮೆಂಟ್ ಕೋಟಾ’. ಹೆಸರಿನಲ್ಲೇ ಕೋಟಾ ಇದೆ. ಆದರೂ ಆ ಮಕ್ಕಳ ಮೆರಿಟ್ ಎಷ್ಟೆಂದು ಯಾರೂ ಕೇಳುವುದಿಲ್ಲ.