ಲ್ಯಾಪ್‌ಟಾಪ್ ಪ್ರೊಸೆಸರ್‌ನ ಆಯ್ಕೆ

ಲ್ಯಾಪ್‌ಟಾಪ್‌ನ ಲೆಕ್ಕಾಚಾರವನ್ನೆಲ್ಲ ನಡೆಸುವ ಮುಖ್ಯ ಚಿಪ್ಪಿಗೆ ಪ್ರೊಸೆಸರ್ ಎಂದು ಹೆಸರು. ಡೆಸ್ಕ್‌ಟಾಪ್ ಕಂಪ್ಯೂಟರಿನಲ್ಲಿ ಹಳೆಯ ಪ್ರೊಸೆಸರನ್ನು ತೆಗೆದು ಹೊಸದನ್ನು ಕೂರಿಸಬಹುದು. ಇಂದಿನ ಲ್ಯಾಪ್‌ಟಾಪ್‌ಗಳಲ್ಲಿ ಅದನ್ನು ಮದರ್‌ಬೋರ್ಡಿಗೇ ಬೆಸೆದಿರುತ್ತಾರೆ. ರ‍್ಯಾಮನ್ನೋ ಎಸ್‌ಎಸ್‌ಡಿಯನ್ನೋ ಹಲವು ಮಾದರಿಗಳಲ್ಲಿ ಮುಂದೆ ಹೆಚ್ಚಿಸಿಕೊಳ್ಳಲು ಸಾಧ್ಯವಿದ್ದರೂ ಪ್ರೊಸೆಸರ್ ಮಾತ್ರ ಕೊಂಡ ದಿನ ಬಂದದ್ದೇ ಕೊನೆಯವರೆಗೆ. ಈ ಮಾರುಕಟ್ಟೆಯಲ್ಲಿ ಪೈಪೋಟಿಗಿಳಿದಿರುವವು ಮುಖ್ಯವಾಗಿ ನಾಲ್ಕು ಅಮೆರಿಕನ್ ಕಂಪನಿಗಳು: ಇಂಟೆಲ್, ಎಎಂಡಿ, ಆಪಲ್ ಮತ್ತು ಕ್ವಾಲ್ಕಾಮ್.

ಇಂಟೆಲ್ 1968ರಲ್ಲಿ, ಎಎಂಡಿ 1969ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಹುಟ್ಟಿದವು. ತನ್ನ ಪಿಸಿಗೆ ಚಿಪ್ ಒದಗಿಸಲು ಒಂದೇ ಕಂಪನಿಯನ್ನು ನೆಚ್ಚಿಕೊಳ್ಳಲು ಐಬಿಎಂ ಒಪ್ಪದ ಕಾರಣ, 1982ರ ಒಪ್ಪಂದದಂತೆ ಇಂಟೆಲ್ ವಿನ್ಯಾಸದ ಚಿಪ್ಪುಗಳನ್ನು ತಯಾರಿಸುವ ಹಕ್ಕು ಎಎಂಡಿಗೂ ಸಿಕ್ಕಿತು. ಎರಡೂ ಎಕ್ಸ್86 ಎಂಬ ಒಂದೇ ಆದೇಶಭಾಷೆಯನ್ನು ಬಳಸುವುದು ಹೀಗೆ. 2003ರಲ್ಲಿ ಅದನ್ನು 64 ಬಿಟ್‌ಗೆ ವಿಸ್ತರಿಸಿದ್ದು ಎಎಂಡಿ. ಮರುವರ್ಷ ಇಂಟೆಲ್ ಅದೇ ದಾರಿ ಹಿಡಿಯಿತು. ಒಂದಕ್ಕೆ ಬರೆದ ವಿಂಡೋಸ್ ತಂತ್ರಾಂಶ ಇನ್ನೊಂದರಲ್ಲಿ ನಡೆದೀತೇ ಎಂದು ಕೊಳ್ಳುವವರು ಚಿಂತಿಸಬೇಕಾಗಿಲ್ಲ. ಆಪಲ್ ಮತ್ತು ಕ್ವಾಲ್ಕಾಮ್‌ಗಳದು ಬೇರೆ ಬಳಗ. ಅವು ಬಳಸುವುದು ಬ್ರಿಟನ್ ಮೂಲದ ಆರ್ಮ್ ವಿನ್ಯಾಸವನ್ನು. ಮೊಬೈಲ್ ಫೋನುಗಳಲ್ಲಿರುವುದೂ ಅದೇ.

ಲ್ಯಾಪ್‌ಟಾಪ್‌ಗೆಂದೇ ಚಿಪ್ ರೂಪಿಸುವುದು ಗಂಭೀರವಾದದ್ದು 2003ರಲ್ಲಿ. ಇಸ್ರೇಲಿನ ಹೈಫಾದಲ್ಲಿದ್ದ ಇಂಟೆಲ್ ತಂಡ ಕಡಿಮೆ ವಿದ್ಯುತ್ತಿನಲ್ಲಿ ನಡೆಯುವ ಪೆಂಟಿಯಂ ಎಂ ಅನ್ನು ತಂದಿತು. ಬಿಸಿಯೇರುವ ಪೆಂಟಿಯಂ 4ರ ಮುಂದೆ ಅದರ ಜಾಣ್ಮೆ ಎದ್ದು ಕಂಡಿತು. ಆಮೇಲೆ ಬಹುಕಾಲ ಇಂಟೆಲ್‌ಗೆ ಸಮಬಲದ ಎದುರಾಳಿಯೇ ಇರಲಿಲ್ಲ. 2017ರಲ್ಲಿ ಎಎಂಡಿಯ ರೈಜೆನ್ ಬಂತು. 2020ರಲ್ಲಿ ಅದೇ ಕಂಪನಿ 15 ವ್ಯಾಟ್‌ನ ಲ್ಯಾಪ್‌ಟಾಪ್ ಚಿಪ್ಪಿನಲ್ಲಿ ಎಂಟು ಕೋರ್‌ಗಳನ್ನು, ಅಂದರೆ ಲೆಕ್ಕ ನಡೆಸುವ ಘಟಕಗಳನ್ನು, ಕೊಟ್ಟಿತು. ಆ ವರ್ಷದ ನವೆಂಬರಿನಲ್ಲಿ ಆಪಲ್ ಇಂಟೆಲ್‌ನ ಕೈಬಿಟ್ಟು ತನ್ನದೇ ಎಂ1 ಅನ್ನು ಹೊರತಂದು, ಫ್ಯಾನೇ ಇಲ್ಲದ ಮ್ಯಾಕ್‌ಬುಕ್ ಏರ್‌ನಲ್ಲಿ ಕೂರಿಸಿತು. ಕ್ವಾಲ್ಕಾಮ್‌ನ ಸ್ನ್ಯಾಪ್‌ಡ್ರ್ಯಾಗನ್ ಎಕ್ಸ್ ಸರಣಿ ವಿಂಡೋಸ್ ಲ್ಯಾಪ್‌ಟಾಪ್‌ಗಳಿಗೆ ಬಂದದ್ದು 2024ರ ಜೂನ್‌ನಲ್ಲಿ.

ಕೊಳ್ಳುವವರು ಎಡವುವುದು ಕಂಪನಿಯ ಆಯ್ಕೆಯಲ್ಲಿ ಅಲ್ಲ, ಹೆಸರಿನಲ್ಲಿ. ಇಂಟೆಲ್‌ನ ಐ5ಗಿಂತ ಐ7 ಮೇಲು ಎಂಬ ನಂಬಿಕೆ ಒಂದೇ ತಲೆಮಾರಿನ, ಒಂದೇ ವರ್ಗದ ಚಿಪ್ಪುಗಳ ನಡುವೆ ಮಾತ್ರ ಸರಿ. 2016ರ ಐ7-7500ಯು ಚಿಪ್ಪಿನಲ್ಲಿದ್ದದ್ದು ಎರಡೇ ಕೋರ್. ಮರುವರ್ಷದ ಐ5-8250ಯುನಲ್ಲಿ ನಾಲ್ಕು. ಎಎಂಡಿಯ ಹೆಸರುಗಳು ಇನ್ನೂ ಮೋಸದವು. ರೈಜೆನ್ 5 7520ಯು, 7530ಯು, 7540ಯು ಮೂರನ್ನೂ ಅಕ್ಕಪಕ್ಕ ಇಟ್ಟರೆ ಒಡಹುಟ್ಟಿದವರಂತೆ ಕಾಣುತ್ತವೆ. ಆ ಸರಣಿಯಲ್ಲಿ ವಿನ್ಯಾಸದ ವಯಸ್ಸನ್ನು ಹೇಳುವುದು ಮೂರನೆಯ ಅಂಕಿ: 2 ಎಂದರೆ 2019ರ ಜೆನ್ 2, 3 ಎಂದರೆ ಜೆನ್ 3, 4 ಎಂದರೆ ಜೆನ್ 4. ಮೊದಲನೆಯದರಲ್ಲಿ ನಾಲ್ಕು ಕೋರ್, ಉಳಿದೆರಡರಲ್ಲಿ ಆರಾರು. ಗ್ರಾಹಕರಿಗೆ ತಿಳಿಯಲೆಂದು ಇಟ್ಟ ಹೆಸರು ಇದಲ್ಲ. 2023ರ ಕೊನೆಗೆ ಇಂಟೆಲ್ ಕೂಡ ಹೆಸರಿನಿಂದ 'ಐ' ತೆಗೆದು ಕೋರ್ ಅಲ್ಟ್ರಾ ಎಂಬ ಹೊಸ ಸಾಲನ್ನು ಶುರುಮಾಡಿತು. ಆದರೆ 'ಅಲ್ಟ್ರಾ' ಇಲ್ಲದೆ ಬರೀ ಕೋರ್ 5, ಕೋರ್ 7 ಎಂದು ಬಂದವುಗಳಲ್ಲಿ ಹಲವು ಹಿಂದಿನ ವಿನ್ಯಾಸದವೇ.

ಹೆಸರಿನ ಕೊನೆಯ ಅಕ್ಷರವನ್ನು ಓದದೆ ಹಣ ಕೊಡಬಾರದು. ಇಂಟೆಲ್‌ನಲ್ಲಿ 'ಯು' ಎಂದರೆ ಸಾಮಾನ್ಯವಾಗಿ 15 ವ್ಯಾಟ್‌ನ, ಬ್ಯಾಟರಿ ಉಳಿಸುವ ಚಿಪ್; 'ಎಚ್' 45 ವ್ಯಾಟ್‌ನದು, 'ಎಚ್‌ಎಕ್ಸ್' 55ರದು. ಇದು ನಿರಂತರ ಕೆಲಸದ ಲೆಕ್ಕ. ಕ್ಷಣಕಾಲ ಇವು ಅದನ್ನು ಮೀರುತ್ತವೆ: ಐ5-1235ಯು 55 ವ್ಯಾಟ್‌ವರೆಗೂ ಜಿಗಿಯಬಲ್ಲದು. ಆ ಬಿಸಿಯನ್ನು ಹೊರಹಾಕುವಷ್ಟು ಫ್ಯಾನ್, ತಾಮ್ರದ ಕೊಳವೆ ಇಲ್ಲದಿದ್ದರೆ ಚಿಪ್ ತಾನಾಗಿಯೇ ವೇಗ ತಗ್ಗಿಸಿಕೊಳ್ಳುತ್ತದೆ. ಹೀಗಾಗಿ ಒಂದೇ ಪ್ರೊಸೆಸರ್ ಇರುವ ಎರಡು ಲ್ಯಾಪ್‌ಟಾಪ್‌ಗಳ ವೇಗ ಬೇರೆಬೇರೆ. ವೇಗ ಅಳೆಯುವ ಗೀಕ್‌ಬೆಂಚ್, ಸಿನೆಬೆಂಚ್ ಪರೀಕ್ಷೆಗಳ ಅಂಕಗಳನ್ನು ನೋಡುವಾಗಲೂ ಬರೀ ಚಿಪ್ಪಿನದಲ್ಲ, ಕೊಳ್ಳಲಿರುವ ಆ ಮಾದರಿಯದೇ ಪರೀಕ್ಷೆಯನ್ನು ಹುಡುಕಬೇಕು. ಪ್ರತ್ಯೇಕ ಗ್ರಾಫಿಕ್ಸ್ ಚಿಪ್ ಇಲ್ಲದ ಯಂತ್ರಗಳಲ್ಲಿ ಒಂದೇ ರ‍್ಯಾಮ್ ಕಡ್ಡಿ ಇದ್ದರೆ ಆಟಗಳ ವೇಗ ಗಣನೀಯವಾಗಿ ಕುಗ್ಗುತ್ತದೆ. ಎರಡು ಕಡ್ಡಿ ಒಳ್ಳೆಯದು. ಆಪಲ್‌ನ ಚಿಪ್ಪುಗಳಲ್ಲೂ ಇಂಟೆಲ್‌ನ ಕೋರ್ ಅಲ್ಟ್ರಾ 200ವಿ ಸರಣಿಯಲ್ಲೂ ರ‍್ಯಾಮ್ ಪ್ರೊಸೆಸರ್‌ನ ಪೊಟ್ಟಣದಲ್ಲೇ ಇರುವುದರಿಂದ ಮೊದಲೇ ಸಾಕಷ್ಟು ತೆಗೆದುಕೊಳ್ಳದೆ ಗತಿಯಿಲ್ಲ.

ಆರ್ಮ್ ಲ್ಯಾಪ್‌ಟಾಪ್‌ಗಳ ಬ್ಯಾಟರಿ ಬಾಳಿಕೆ ದೊಡ್ಡ ಆಕರ್ಷಣೆ. ಎಕ್ಸ್86ಗೆ ಬರೆದ ತಂತ್ರಾಂಶವನ್ನು ಆರ್ಮ್ ವಿಂಡೋಸ್ ಅನುಕರಣೆಯ ಮೂಲಕ ನಡೆಸುತ್ತದೆ, ಹೊರ ಸಾಧನಗಳನ್ನು ನಡೆಸುವ ಡ್ರೈವರ್‌ಗಳಿಗೆ ಮಾತ್ರ ಈ ಸೌಲಭ್ಯವಿಲ್ಲ. ಹಳೆಯ ಪ್ರಿಂಟರ್, ಸ್ಕ್ಯಾನರ್ ಇರುವ ಕಚೇರಿಗಳು ಮೊದಲೇ ವಿಚಾರಿಸುವುದು ಲೇಸು. ಪೇಜ್‌ಮೇಕರ್‌ನಲ್ಲಿ ನುಡಿ, ಬರಹ ತಂತ್ರಾಂಶಗಳ ಅಕ್ಷರಗಳಿಂದ ಪುಟ ಕಟ್ಟುವ ಕನ್ನಡದ ಡಿಟಿಪಿ ಕೆಲಸಗಾರರೂ ಅಷ್ಟೆ. ಇಂಟೆಲ್ ಮ್ಯಾಕ್‌ಗಳಲ್ಲಿ ಬೂಟ್ ಕ್ಯಾಂಪ್ ಮೂಲಕ ವಿಂಡೋಸ್ ಹಾಕಿಕೊಳ್ಳಬಹುದಿತ್ತು. ಎಂ1 ಬಂದ ಮೇಲಿನ ಮ್ಯಾಕ್‌ಗಳಲ್ಲಿ ಆ ದಾರಿ ಮುಚ್ಚಿದೆ. ಇತ್ತೀಚೆಗೆ ಜಾಹೀರಾತುಗಳಲ್ಲಿ ಮೆರೆಯುತ್ತಿರುವ ಎನ್‌ಪಿಯು ಎಂಬ ಕೃತಕ ಬುದ್ಧಿಮತ್ತೆಯ ಭಾಗಕ್ಕೆಂದೇ ಹೆಚ್ಚು ದುಡ್ಡು ತೆರುವ ಅಗತ್ಯ ಹೆಚ್ಚಿನವರಿಗಿಲ್ಲ.

ಈ ಪೈಪೋಟಿಯ ಕೆಲಸ ಬೆಂಗಳೂರಿನಲ್ಲೂ ನಡೆಯುತ್ತದೆ. 2008ರಲ್ಲಿ ಬಂದ ಇಂಟೆಲ್‌ನ ಆರು ಕೋರ್‌ಗಳ ಸರ್ವರ್ ಪ್ರೊಸೆಸರ್ ಜಿಯಾನ್ 7400 ಇಲ್ಲಿನ ತಂಡದ ವಿನ್ಯಾಸ. ಎಎಂಡಿ ತನ್ನ ಅತಿ ದೊಡ್ಡ ವಿನ್ಯಾಸ ಕೇಂದ್ರ 'ಟೆಕ್ನೋಸ್ಟಾರ್' ಅನ್ನು ತೆರೆದದ್ದೂ ಇದೇ ಊರಿನಲ್ಲಿ, 2023ರಲ್ಲಿ.

ಬರವಣಿಗೆ, ಬ್ರೌಸರ್, ಆನ್‌ಲೈನ್ ತರಗತಿಗಳಿಗೆ ಕಳೆದ ಎರಡು ತಲೆಮಾರುಗಳ ಯಾವುದೇ ಯು ವರ್ಗದ ಚಿಪ್ ಮತ್ತು 16 ಜಿಬಿ ರ‍್ಯಾಮ್ ಸಾಕು. ಇಲ್ಲಿ ಇಂಟೆಲ್‌ಗೂ ಎಎಂಡಿಗೂ ಇರುವ ವ್ಯತ್ಯಾಸ ಬಳಸುವವರ ಗಮನಕ್ಕೆ ಬರುವಂಥದ್ದಲ್ಲ. ವಿಡಿಯೊ ಸಂಕಲನ, ಆಟ, ಎಂಜಿನಿಯರಿಂಗ್ ತಂತ್ರಾಂಶಗಳಿಗೆ ಎಚ್ ವರ್ಗದ ಚಿಪ್ ಬೇಕು. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಗಮನಿಸಬೇಕಾದ ಗೆರೆ ಒಂದಿದೆ: ವಿಂಡೋಸ್ 11 ಸಾಮಾನ್ಯವಾಗಿ ಇಂಟೆಲ್‌ನ ಎಂಟನೆಯ ತಲೆಮಾರು ಅಥವಾ ರೈಜೆನ್ 3000 ಸರಣಿಯಿಂದೀಚಿನ ಲ್ಯಾಪ್‌ಟಾಪ್ ಚಿಪ್ಪುಗಳನ್ನಷ್ಟೇ ಅಧಿಕೃತವಾಗಿ ಒಪ್ಪುತ್ತದೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ.