ಆಯಿಯ ಚಿಮಣಿ, ಅಪ್ಪನ ಏಸಿ

ಮೇ ತಿಂಗಳ ಒಂದು ರಾತ್ರಿ ಅಪ್ಪ ಫೋನ್ ಮಾಡಿದ್ದ. ಸುರಪುರದ ಹತ್ತಿರದ ನಮ್ಮೂರಲ್ಲಿ ಅವತ್ತು ಬಿಸಿಲು 43 ಡಿಗ್ರಿ ದಾಟಿತ್ತು. "ಮನಿಗಿ ಒಂದು ಏಸಿ ಹಾಕಿಸ್ತೀ ಏನೋ? ನಿಮ್ಮವ್ವಗ ನಿದ್ದಿ ಹತ್ತವಲ್ದು" ಅಂದ. ಅಪ್ಪ ಸುಲಭಕ್ಕೆ ಏನೂ ಕೇಳುವ ಮನುಷ್ಯ ಅಲ್ಲ.

ಅದೇ ವಾರ ಆಫೀಸಿನಲ್ಲಿ ಪರಿಸರದ ಬಗ್ಗೆ ಒಂದು ಟ್ರೇನಿಂಗ್ ಆಗಿತ್ತು. ಕಾರ್ಬನ್ ಹೆಜ್ಜೆಗುರುತಿನ ಕ್ಯಾಲ್ಕುಲೇಟರ್ ಕೊಟ್ಟು ಎಲ್ಲರಿಗೂ ತಮ್ಮ ತಮ್ಮ ಲೆಕ್ಕ ತುಂಬಿ ಅಂದಿದ್ರು. ನನ್ನದು ವರ್ಷಕ್ಕೆ 5 ಟನ್ ಚಿಲ್ಲರೆ ಬಂತು. ಭಾರತದ ಸರಾಸರಿ ತಲೆಗೆ ಸುಮಾರು 2 ಟನ್. ಆ ನಾಚಿಕೆ ಇನ್ನೂ ಬಿಸಿ ಇತ್ತು ನೋಡ್ರಿ, ಅಪ್ಪನ ಮೇಲೆ ತೀರಿಸಿಕೊಂಡೆ. "ಕೂಲರ್ ಸಾಕಲ್ಲಪ್ಪ, ಏಸಿ ಭಾಳ ಕರೆಂಟ್ ತಿಂತದ. ಇಂಥವುಕ್ಕೇ ಬಿಸಲು ಹೆಚ್ಚಾಗ್ಲಾಕತ್ತದ" ಅಂತ ಪಾಠ ಮಾಡಿದೆ.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ನಾರಾಯಣಪುರದ ನೀರು ಕುಡದು ಶಕ್ತಿನಗರ ಕರೆಂಟ್ ಮಾಡ್ತದ. ತಂಪು ಮಾತ್ರ ಬೆಂಗಳೂರಿಗೆ. ಛಲೋ ಅದ ನಿಮ್ಮ ಲೆಕ್ಕ" ಅಂದು ಇಟ್ಟುಬಿಟ್ಟ.

ಆ ಮಾತು ಚುಚ್ಚಿತು. ನಿದ್ದೆ ಬರಲಿಲ್ಲ. ಹಂಗಾದರೆ ನಮ್ಮ ಮನೆಯ ಲೆಕ್ಕವನ್ನೇ ಬುಡದಿಂದ ಮಾಡೋಣ ಅಂತ ಕೂತೆ.

1858ರ ಫೆಬ್ರವರಿಯಲ್ಲಿ ವೆಂಕಟಪ್ಪ ನಾಯಕನ ಸುರಪುರ ಇಂಗ್ಲಿಷರ ಕೈಗೆ ಬಿತ್ತು. 1860ರಲ್ಲಿ ಇಂಗ್ಲಿಷರು ಆ ಸಂಸ್ಥಾನವನ್ನ ಬಹುಮಾನ ಅಂತ ನಿಜಾಮನಿಗೆ ಕೊಟ್ಟರು. ಈ ಎರಡರ ನಡುವೆ, 1859ರಲ್ಲಿ, ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಎಡ್ವಿನ್ ಡ್ರೇಕ್ ಎಂಬಾತ ಎಣ್ಣೆ ಬಾವಿ ಕೊರೆದಿದ್ದ. ಇಲ್ಲಿ ಯಾರ ಗಮನಕ್ಕೂ ಬಾರದ ಆ ಬಾವಿಯೇ ಕೊನೆಗೆ ನಮ್ಮ ಗೂಡಿನ ದೀಪದ ತನಕ ಬಂತು. ಅಲ್ಲೀ ತನಕ ನಮ್ಮ ಕಡೆ ಉರಿಯುತ್ತಿದ್ದದ್ದು ಹೊಲದ ಎಣ್ಣೆ. ತನ್ನ ಅತ್ತೆಯ ಕಾಲಕ್ಕೆ ಔಡಲೆಣ್ಣಿ ದೀಪ ಇತ್ತು ಅಂತ ಆಯಿ ಹೇಳುತ್ತಿದ್ದಳು. ಸುರಪುರದ ಗುಡ್ಡದ ಮೇಲಿರುವ ಟೇಲರ್ ಮಂಜಿಲ್ ನೋಡಿದ್ದೀರಾ? 1840ರ ದಶಕದಲ್ಲಿ ಮೆಡೋಸ್ ಟೇಲರ್ ಸಾಹೇಬ ಇಲ್ಲಿ ಆಡಳಿತ ನೋಡುವಾಗ ಸೀಮೆಎಣ್ಣೆಯೂ ಇರಲಿಲ್ಲ, ರೈಲೂ ಇರಲಿಲ್ಲ. ಮುಂಬೈ ಕಡೆಯ ಹಳಿ ಮತ್ತು ಮದ್ರಾಸ್ ಕಡೆಯ ಹಳಿ ರಾಯಚೂರಲ್ಲಿ ಕೂಡಿದ್ದು 1871ರಲ್ಲಿ. ಯಾದಗಿರಿ ಟೇಶನ್ ಆ ದಾರಿಯಲ್ಲೇ ಅದ.

ರೈಲು ಬಂದ ಮೇಲೆ ಡಬ್ಬಿ ಬಂತು. ಮೊದಮೊದಲು ಅಮೆರಿಕದ ಎಣ್ಣೆ, ಆಮೇಲೆ ರಷ್ಯಾದ ಬಾಕು ಎಣ್ಣೆ, ಆಮೇಲೆ ಬರ್ಮಾದ್ದು. ಬರ್ಮಾ ಆಯಿಲ್ ಕಂಪನಿ ಹುಟ್ಟಿದ್ದು 1886ರಲ್ಲಿ, ಸ್ಕಾಟ್ಲೆಂಡಿನಲ್ಲಿ. ಅದರ ದೊಡ್ಡ ಗಿರಾಕಿ ಅಂದರೆ ನಾವೇ, ಹಿಂದುಸ್ತಾನದ ಬಡ ಮನೆಗಳ ದೀಪ. 1928ರಲ್ಲಿ ಅದು ಶೆಲ್ ಜೊತೆ ಸೇರಿ ಬರ್ಮಾ-ಶೆಲ್ ಆಯಿತು. ನಮ್ಮ ಮುತ್ಯಾನ ಮನೆಯಲ್ಲಿ ಬರ್ಮಾ-ಶೆಲ್ಲಿನ ಹಳೇ ಡಬ್ಬಿ ಒಂದಿತ್ತು. ಎಣ್ಣೆ ಯಾವತ್ತೋ ತೀರಿ, ಅದರಲ್ಲಿ ಬಿತ್ತನೆಯ ತೊಗರಿ ಇಡುತ್ತಿದ್ದರು.

1942ರ ಮಾರ್ಚಿನಲ್ಲಿ ಜಪಾನಿನ ಸೈನ್ಯ ರಂಗೂನಿಗೆ ಬರುವ ಮುಂಚೆ ಇಂಗ್ಲಿಷರು ಸಿರಿಯಮ್ಮಿನ ಎಣ್ಣೆ ಶುದ್ಧೀಕರಣ ಕಾರ್ಖಾನೆಯನ್ನ ತಾವೇ ಸುಟ್ಟರು. ಇಲ್ಲಿ ಸೀಮೆಎಣ್ಣೆಗೆ ಬರ ಬಂತು, ರೇಶನ್ ಬಂತು. ಎಲ್ಲೋ ಬಿದ್ದ ಬೆಂಕಿಗೆ ನಮ್ಮ ಮನೆ ಕತ್ತಲಾಗುವುದು ಅವತ್ತಿನಿಂದಲೇ ಶುರು.

ಇಲ್ಲೊಂದು ವಿಷಯ ಅದ, ಓದಿದಾಗ ನನಗೆ ನಗು ಬಂತು. ಈ ಬರ್ಮಾ ಆಯಿಲ್ ಕಂಪನಿ 1909ರಲ್ಲಿ ಪರ್ಶಿಯಾದ ಎಣ್ಣೆಗೆ ಅಂತ ಮಾಡಿದ ಮರಿ ಕಂಪನಿಯ ಹೆಸರು ಆಂಗ್ಲೋ-ಪರ್ಶಿಯನ್. ಅದು 1954ರಲ್ಲಿ ಬ್ರಿಟಿಷ್ ಪೆಟ್ರೋಲಿಯಂ ಆಯಿತು, ಅಂದರೆ ಬಿಪಿ. 'ಹೆಜ್ಜೆಗುರುತು' ಅನ್ನೋ ಕಲ್ಪನೆ 1990ರ ದಶಕದಲ್ಲಿ ಪ್ರೊಫೆಸರುಗಳ ಕೈಯಲ್ಲಿ ಹುಟ್ಟಿದ್ದು. ಆದರೆ 2000ದ ನಂತರ 'ನಿಮ್ಮ ಕಾರ್ಬನ್ ಹೆಜ್ಜೆಗುರುತು ಎಷ್ಟು?' ಅಂತ ಜಾಹೀರಾತು ಹಾಕಿ, 2004ರಲ್ಲಿ ಜನರ ಕೈಗೆ ಕ್ಯಾಲ್ಕುಲೇಟರ್ ಕೊಟ್ಟು ಅದನ್ನ ಮನೆಮಾತು ಮಾಡಿದ್ದು ಇದೇ ಬಿಪಿ. ನನ್ನ ಆಯಿಗೆ ಎಣ್ಣೆ ಮಾರಿದ ಮನೆತನವೇ ಮೊಮ್ಮಗನಿಗೆ ತಪ್ಪಿನ ಲೆಕ್ಕವನ್ನೂ ಹೇಳಿಕೊಟ್ಟಿತು. ಎಂಥ ಕಸ್ಟಮರ್ ಸರ್ವಿಸು!

ಬರ್ಮಾ-ಶೆಲ್ಲನ್ನ 1976ರಲ್ಲಿ ಸರ್ಕಾರ ತಗೊಂಡಿತು. ಮರುವರ್ಷ ಭಾರತ್ ಪೆಟ್ರೋಲಿಯಂ ಅಂತ ಹೆಸರಾಯಿತು. ಅವ್ವನ ಅಡಿಗೆಮನೆಯಲ್ಲಿರುವ ಸಿಲಿಂಡರ್ ಅದೇ ಭಾರತ್ ಗ್ಯಾಸಿಂದು. ರೊಟ್ಟಿ ಮಾತ್ರ ಇವತ್ತಿಗೂ ಹತ್ತಿ ಕಟಗಿ ಒಲೆಯ ಮೇಲೇ. ಗ್ಯಾಸಿನ ಮೇಲೆ ರೊಟ್ಟಿ ಉಬ್ಬಲ್ಲ ಅಂತಾಳೆ. ರೇಟಿನ ಮಾತು ಬಾಯಿ ಬಿಟ್ಟು ಹೇಳಲ್ಲ.

ಇನ್ನು ಕಲ್ಲಿದ್ದಲು. ಇದರಲ್ಲೂ ಹಳೇ ನಂಟು ಅದ. ನಮ್ಮ ಯಾದಗಿರಿ, ಶಹಾಪುರ, ಸುರಪುರ ಇದ್ದ ನಿಜಾಮನ ರಾಜ್ಯದಲ್ಲೇ ಸಿಂಗರೇಣಿ ಗಣಿಯೂ ಇತ್ತು. 1886ರಲ್ಲಿ ಹೈದರಾಬಾದ್ ಡೆಕ್ಕನ್ ಕಂಪನಿ ಅಂತ ಲಂಡನ್ನಿನವರ ಕೈಗೆ ಹೋಗಿ, 1920ರಲ್ಲಿ ಸಿಂಗರೇಣಿ ಕಾಲರೀಸ್ ಆಯಿತು. 1985ರಲ್ಲಿ ಶಕ್ತಿನಗರದ ಮೊದಲ ಘಟಕ ಶುರುವಾದಾಗಿನಿಂದ ಆ ಗಣಿಯ ಕಲ್ಲಿದ್ದಲು ಕೃಷ್ಣೆಯ ದಂಡೆಗೆ ಬರ್ತದ. ಈಗ ಅಲ್ಲಿ 1720 ಮೆಗಾವಾಟ್. ಕುದಿಸಲಿಕ್ಕೆ, ತಂಪು ಮಾಡಲಿಕ್ಕೆ ಕೃಷ್ಣೆಯ ನೀರು. ಮೇಲಿನಿಂದ ಅದನ್ನ ಹಿಡಿದು ಬಿಡುವುದು 1982ರಲ್ಲಿ ಮುಗಿದ ನಾರಾಯಣಪುರದ ಬಸವಸಾಗರ. ಅಪ್ಪ ತಪ್ಪು ಹೇಳಿರಲಿಲ್ಲ. ನಾನು ಚಿಕ್ಕವನಿದ್ದಾಗ ಯಾದಗಿರಿ ಟೇಶನ್ನಿನಲ್ಲಿ ಕಲ್ಲಿದ್ದಲಿನ ಗೂಡ್ಸ್ ಗಾಡಿಯ ಡಬ್ಬಿ ಎಣಿಸುತ್ತಿದ್ದೆ. ಆ ಹೊತ್ತಿಗೆ ನಮ್ಮ ಮನೆಯಲ್ಲಿ ಇದ್ದದ್ದು ಭಾಗ್ಯಜ್ಯೋತಿಯ ಒಂದೇ ಒಂದು ಬಲ್ಬು. ಅದು ಹೋದಾಗ, ಅಂದರೆ ದಿನಾ, ಆಯಿಯ ಚಿಮಣಿ.

ಆ ಚಿಮಣಿಯ ಲೆಕ್ಕ ಮಾಡಿದೆ. ರೇಶನ್ನಿನ ನೀಲಿ ಎಣ್ಣೆ ತಿಂಗಳಿಗೆ 3 ಲೀಟರ್. ಒಂದು ಲೀಟರ್ ಉರಿದರೆ ಸುಮಾರು ಎರಡೂವರೆ ಕಿಲೋ ಕಾರ್ಬನ್ ಡೈಆಕ್ಸೈಡ್. ವರ್ಷಕ್ಕೆ 90 ಕಿಲೋ. ಇಡೀ ಮನೆಗೆ. ನಾನು ಒಂದು ಮೀಟಿಂಗಿಗೆ ಬೆಂಗಳೂರಿನಿಂದ ದಿಲ್ಲಿಗೆ ವಿಮಾನದಲ್ಲಿ ಹೋಗಿ ಬಂದರೆ ನನ್ನ ಪಾಲಿಗೆ ಬರುವುದು ಹತ್ತಿರ ಹತ್ತಿರ 300 ಕಿಲೋ. ಆಯಿ ಮೂರು ವರ್ಷ ದೀಪ ಹಚ್ಚಿದ್ದನ್ನ ನಾನು ಒಂದು ದಿನದಲ್ಲಿ ಸುಟ್ಟು ಬಂದೆ. ಮೀಟಿಂಗ್ ವಿಡಿಯೋ ಕಾಲಿನಲ್ಲೂ ಆಗುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಹಾಗಂತ ಎಲ್ಲ ಬಿಪಿಯ ಆಟ, ನಮ್ಮದೇನೂ ಇಲ್ಲ ಅಂತ ಕೈ ಒರೆಸಿಕೊಳ್ಳಲಿಕ್ಕೂ ನನಗೆ ಆಗಲ್ಲ. ಆಫೀಸಿನ ಕೆಲವು ಗೆಳೆಯರು ಹಂಗ ಅಂತಾರೆ. ಲೋಕದ ಹೊಗೆಯ ದೊಡ್ಡ ಪಾಲು ನೂರಕ್ಕೂ ಕಡಿಮೆ ಕಂಪನಿಗಳು ತೆಗೆದ ಎಣ್ಣೆ, ಗ್ಯಾಸ್, ಕಲ್ಲಿದ್ದಲಿನಿಂದ ಬಂದದ್ದು ಅನ್ನುವ ಲೆಕ್ಕ ನಿಜವೇ, ಅದರಲ್ಲಿ ನಮ್ಮ ಕೋಲ್ ಇಂಡಿಯಾವೂ ಅದ. ಆದರೆ ಆ ಕಂಪನಿ ತೆಗೆದದ್ದನ್ನ ಉರಿಸಿದ ವಿಮಾನದ ಸೀಟಿನಲ್ಲಿ ಕೂತವನು ನಾನು. ಆಯಿ ಕೂತಿರಲಿಲ್ಲ. ನನ್ನ ತಪ್ಪು ಎರಡು. ಒಂದು, 5 ಟನ್ನಿನದು. ಇನ್ನೊಂದು, ಅದನ್ನ 43 ಡಿಗ್ರಿಯಲ್ಲಿ ಮಲಗಿದ ಅವ್ವನ ಮೇಲೆ ಹಾಕಲಿಕ್ಕೆ ಹೋದದ್ದು.

ಏಸಿ ಹಾಕಿಸಿದೆ. ಐದು ಸ್ಟಾರಿಂದು. ಜೂನಿನಲ್ಲಿ ಊರಿಗೆ ಹೋದಾಗ ನೋಡಿದರೆ ಮಧ್ಯಾಹ್ನ ಎರಡು ತಾಸು, ರಾತ್ರಿ ಎರಡು ತಾಸು, ಅಷ್ಟೇ. ಗೃಹಜ್ಯೋತಿಯ ಯೂನಿಟ್ ಮೀರಬಾರದು ಅಂತ ಅಪ್ಪ ಕ್ಯಾಲೆಂಡರಿನ ಮೇಲೆ ಮೀಟರ್ ರೀಡಿಂಗ್ ಬರೆದಿದ್ದ. ಮಧ್ಯಾಹ್ನ ಓಣಿಯ ಇಬ್ಬರು ಮುದುಕಿಯರು ಅವ್ವನ ಜೊತೆ ಬಂದು ಕೂತಿದ್ದರು, ಬಾಗಿಲು ಅರ್ಧ ತೆರೆದಿತ್ತು.

"ಇದಕ್ಕ ಎಷ್ಟು ಕಲ್ಲಿದ್ದಲು ಹೋಗ್ತದೋ?" ಅಂತ ಅಪ್ಪ ಕೇಳಿದ.

"ತಾಸಿಗೆ ಸುಮಾರು ಒಂದು ಕಿಲೋ, ಯಪ್ಪಾ."

ಅಪ್ಪ ಅಂಗೈ ಮೇಲೆ ಏನೋ ತೂಗಿದಂಗ ಮಾಡಿದ. ಆಮೇಲೆ ಅಂದ, "ಹಂಗಾದ್ರ ಆ ಬಾಗಲ ಸರಿಯಾಗಿ ಹಾಕು."