ಕಲಾಯಿಯಿಂದ ಚಿನ್ನದ ಬಣ್ಣದ ಗೇಟಿನವರೆಗೆ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ. ನಮ್ಮ ನಾಲ್ವರ ಊರು ಬೇರೆ, ಅಟ್ಟದ ಮೇಲಿನ ಸಾಮಾನು ಒಂದೇ: ಒಂದು ತಾಮ್ರದ ಹಂಡೆ, ಎರಡು ಮೂರು ಹಿತ್ತಾಳೆ ಪಾತ್ರೆ. ಅವುಗಳ ಒಳಗೆ ಬೂದುಬಿಳಿ ಬಣ್ಣ ಇನ್ನೂ ಅಲ್ಲಲ್ಲಿ ಉಳಿದಿದೆ. ಅದು ಕಲಾಯಿ.

ಹುಳಿ ಬಿದ್ದರೆ ತಾಮ್ರ, ಹಿತ್ತಾಳೆ ಕಿಲುಬುತ್ತವೆ. ಸಾರು ವಿಷವಾಗಬಾರದೆಂದು ಒಳಮೈಗೆ ತವರ ಬಳಿಯುತ್ತಿದ್ದರು. ಕಲಾಯಿ ಹಾಕುವವರು ಬೀದಿಯಲ್ಲೇ ಗುಂಡಿ ತೋಡಿ, ತಿದಿ ಊದಿ, ಇದ್ದಿಲ ಮೇಲೆ ಪಾತ್ರೆ ಕಾಯಿಸುತ್ತಿದ್ದರು. ನವಸಾಗರದ ಪುಡಿ ಎರಚಿದರೆ ಬಿಳಿ ಹೊಗೆ. ತವರ ಕರಗುವುದು 232 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಕರಗಿದ್ದನ್ನು ಹತ್ತಿಯಿಂದ ಒರೆಸಿದರೆ ಒಳಗೆಲ್ಲ ಬೆಳ್ಳಿಯಂತೆ ಹರಡುತ್ತಿತ್ತು. ಆ ಹೊಗೆ ಅವರ ಎದೆಗೇ ಹೋಗುತ್ತಿತ್ತು ಎಂಬುದನ್ನು ಯಾರೂ ಲೆಕ್ಕಕ್ಕೆ ಇಟ್ಟಿರಲಿಲ್ಲ.

ಆಮೇಲೆ ಸ್ಟೀಲ್ ಬಂತು. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಹ್ಯಾರಿ ಬ್ರಿಯರ್ಲಿ 1913ರಲ್ಲಿ ಕ್ರೋಮಿಯಂ ಬೆರೆಸಿ ಮಾಡಿದ ಉಕ್ಕು, ನಮ್ಮ ಮನೆಗಳಿಗೆ ಹಳೆಬಟ್ಟೆಗೆ ಪಾತ್ರೆ ಕೊಡುವವರ ತಲೆಮೇಲಿನ ಬುಟ್ಟಿಯಲ್ಲಿ ಬಂತು. ಹಂಡೆಗಳು ತೂಕಕ್ಕೆ ಮಾರಾಟವಾದವು. ಕಲಾಯಿಯವರು ಬರುವುದು ನಿಂತಿತು. ಯಾರೂ ಬೀಳ್ಕೊಡಲಿಲ್ಲ, ನಮ್ಮ ಅಜ್ಜಿಯರೂ ಸಹ.

ಸ್ಟೀಲಿಗೆ ಕಲಾಯಿ ಬೇಡ, ಏಕೆಂದರೆ ಅದು ತನ್ನ ಕಲಾಯಿಯನ್ನು ತಾನೇ ಹಾಕಿಕೊಳ್ಳುತ್ತದೆ. ಗಾಳಿಯ ಆಮ್ಲಜನಕ ತಗುಲಿ ಕ್ರೋಮಿಯಂ ಆಕ್ಸೈಡಿನ ಕಣ್ಣಿಗೆ ಕಾಣದ ಪೊರೆ ಕಟ್ಟುತ್ತದೆ. ಗೀರಿದರೆ ಮತ್ತೆ ಕಟ್ಟುತ್ತದೆ. (ಕಬ್ಬಿಣದ ನಾರಿನಿಂದ ತಿಕ್ಕಬೇಡಿ. ಅದರ ಚೂರು ಅಂಟಿಕೊಂಡು ತುಕ್ಕಿನ ಚುಕ್ಕೆಯಾಗುತ್ತದೆ.)

ಬಣ್ಣದ ಕಥೆಯೂ ಈ ಪೊರೆಯದೇ. ಪೊರೆ ಸ್ವಲ್ಪ ದಪ್ಪವಾದರೆ ನೀರಿನ ಮೇಲಿನ ಎಣ್ಣೆಯಂತೆ ಬೆಳಕು ಬಣ್ಣ ಬಣ್ಣವಾಗುತ್ತದೆ. ಬಿಸಿ ಕ್ರೋಮಿಕ್ ಮತ್ತು ಸಲ್ಫ್ಯೂರಿಕ್ ಆಮ್ಲದಲ್ಲಿ ಅದ್ದಿ, ಹೊತ್ತಿಗೆ ತಕ್ಕಂತೆ ಕಂಚು, ನೀಲಿ, ಚಿನ್ನ, ಹಸಿರು ಬಣ್ಣ ಬರಿಸುವ ವಿಧಾನ 1970ರ ದಶಕದಲ್ಲಿ ಬಂತು. ಬಣ್ಣ ಹಚ್ಚಿದ್ದಲ್ಲ, ಹಾಗಾಗಿ ಸಿಪ್ಪೆ ಏಳುವುದಿಲ್ಲ. ಈಗ ಹೊಸ ಮನೆಗಳ ಗೇಟು, ಮೆಟ್ಟಿಲ ಕಂಬಿಗಳಲ್ಲಿ ಹೊಳೆಯುವ ಚಿನ್ನದ ಬಣ್ಣ ಸಾಮಾನ್ಯವಾಗಿ ಬೇರೆಯದು: ಗಾಳಿ ತೆಗೆದ ಪೆಟ್ಟಿಗೆಯೊಳಗೆ ಕೂರಿಸಿದ ಟೈಟಾನಿಯಂ ನೈಟ್ರೈಡ್. ನಮಗೆ ಅಷ್ಟೇನೂ ಹಿಡಿಸದು. ಹಂಡೆಯ ಕೆಂಪೇ ಚೆಂದ.

ವೆಲ್ಡಿಂಗ್ ಮಾಡಿದಲ್ಲಿ ಕಾಣುವ ನೀಲಿ ಮಾತ್ರ ಅಲಂಕಾರವಲ್ಲ. ಶಾಖಕ್ಕೆ ಅಲ್ಲಿನ ಕ್ರೋಮಿಯಂ ಮೇಲಿನ ಪೊರೆಗೆ ಸೇರಿ, ಅಡಿಯ ಉಕ್ಕು ಬಡವಾಗಿರುತ್ತದೆ. ತುಕ್ಕು ಶುರುವಾಗುವುದು ಅಲ್ಲಿಂದಲೇ. ಅದನ್ನು ತೆಗೆಯಲು ಹಚ್ಚುವ ಪೇಸ್ಟಿನಲ್ಲಿ ನೈಟ್ರಿಕ್ ಆಮ್ಲದ ಜೊತೆ ಹೈಡ್ರೋಫ್ಲೂರಿಕ್ ಆಮ್ಲ ಇರುತ್ತದೆ. ಇದು ಚರ್ಮದೊಳಗೆ ಇಳಿದು ಮೂಳೆಯವರೆಗೂ ಹೋಗಬಲ್ಲದು, ನೋವು ಕೆಲವೊಮ್ಮೆ ಗಂಟೆಗಳ ನಂತರ ಕಾಣುತ್ತದೆ. ತಗುಲಿದರೆ ಕೂಡಲೇ ನೀರಿನಲ್ಲಿ ತೊಳೆದು ಕ್ಯಾಲ್ಸಿಯಂ ಗ್ಲುಕೊನೇಟ್ ಜೆಲ್ ಹಚ್ಚಿ ಆಸ್ಪತ್ರೆಗೆ ಓಡಬೇಕು.

ಕಳೆದ ವಾರ ನಾವು ನೋಡಿದ ಅಂಗಡಿಯೊಂದರಲ್ಲಿ ನಮಗಿಂತ ಚಿಕ್ಕ ಹುಡುಗ ಬರಿಗೈಯಲ್ಲಿ ಆ ಪೇಸ್ಟ್ ಬಳಿಯುತ್ತಿದ್ದ. ಕೈಗವಸು ಇಲ್ಲವೇ ಎಂದೆವು. "ಇದೆ ಅಕ್ಕ, ಅದು ಹಾಕ್ಕೊಂಡ್ರೆ ಕೈ ಆಡಲ್ಲ" ಎಂದ. ಜೆಲ್‌ನ ಹೆಸರು ಅವನು ಕೇಳಿರಲಿಲ್ಲ. ಅದನ್ನು ಒಂದು ಚೀಟಿಯಲ್ಲಿ ಕನ್ನಡದಲ್ಲಿ ಬರೆದು, ಬಫಿಂಗ್ ಯಂತ್ರದ ಪಕ್ಕದ ಗೋಡೆಗೆ ಅಂಟಿಸಿ ಬಂದೆವು.